ನಿಯೋಜಿತ ಮೂಗು

ನವೆಂಬರ್ ೬, ಗುರುವಾರ

ಸಿನ್ನೆವಾ ಎಂಬ ನಾನು, ವಯಸ್ಸು ಇಪ್ಪತ್ತು, ಈ ದಿನಚರಿಯನ್ನು ಗಡೀಪಾರಾದ ಸ್ಥಿತಿಯಲ್ಲಿ ಆರಂಭಿಸುತ್ತಿದ್ದೇನೆ. ಹಿಂದೆ ರಾಜರನ್ನು ದ್ವೀಪಗಳಿಗೆ ಅಟ್ಟುತ್ತಿದ್ದರಂತೆ. ನನ್ನನ್ನು ವೊಸ್ ಕಡೆಯ ಬಸ್ಸು ಹತ್ತಿಸಿ, ಬೆಟ್ಟದ ಮೇಲಿನ ಸೋದರಮಾವನ ಮನೆಗೆ ಅಟ್ಟಿದ್ದಾರೆ.

ಅಪರಾಧ ಇಷ್ಟೇ. ಬೆರ್ಗೆನ್ನಿನ ಅಂಗಡಿಯೊಂದರಲ್ಲಿ ಕಪಾಟಿಗೆ ಡಬ್ಬಿ ಜೋಡಿಸುವುದು ನನ್ನ ಉದ್ಯೋಗವಾಗಿತ್ತು. ಸೋಮವಾರ ಮೈಕಿನ ಹತ್ತಿರ ಯಾರೂ ಇರಲಿಲ್ಲ. "ನಮ್ಮೆಲ್ಲರ ಅಚ್ಚುಮೆಚ್ಚಿನ ಕಂದು ಮೇಕೆ ಚೀಸ್ ಇಂದು ಬೆಳಗ್ಗೆ ನಮ್ಮನ್ನಗಲಿದೆ, ದಯವಿಟ್ಟು ಎರಡು ನಿಮಿಷ ಮೌನ ಆಚರಿಸಿ" ಎಂದು ಗದ್ಗದ ಕಂಠದಲ್ಲಿ ಪ್ರಕಟಿಸಿದೆ. ಮೂವರು ಅಜ್ಜಿಯರು ತಳ್ಳುಗಾಡಿ ಬಿಟ್ಟು ನಿಜವಾಗಿಯೂ ತಲೆ ತಗ್ಗಿಸಿ ನಿಂತರು. ಒಬ್ಬಾಕೆ ಕಣ್ಣೊರೆಸಿಕೊಂಡರು. ಮ್ಯಾನೇಜರೊಬ್ಬನೇ ಮೌನ ಆಚರಿಸದಿದ್ದವನು.

ಬೋಟೊಲ್ವ್ ಮಾವನಿಗೆ ಕ್ರಿಸ್ಮಸ್ ಬಿಯರ್ ಮಾಡಲು ಒಂದು ಆಳು ಬೇಕಾಗಿದೆ, ಹೋಗು, ನಿನ್ನ ಬಾಯಿಗೆ ಅಲ್ಲಿ ಕಿವಿಗೊಡುವವರಿಲ್ಲ ಎಂದು ಅಮ್ಮ ತೀರ್ಪಿತ್ತಳು. ಬಂದೆ. ಬೆಟ್ಟ ಇದೆ, ಕುರಿ ಇವೆ, ನಾಲ್ಕು ಗಂಟೆಗೆ ಕತ್ತಲಾಗುತ್ತದೆ. ದೇವರು ದೊಡ್ಡವನು.

ನವೆಂಬರ್ ೮, ಶನಿವಾರ

ಇಂದು ಬೆಳಗ್ಗೆ ಕಾಫಿ ಮೇಜಿನ ಬಳಿ ನನ್ನ ಪಟ್ಟಾಭಿಷೇಕವಾಯಿತು. ಹುದ್ದೆ: ಮೂಗು.

ಮಾರ್ಚಿನಲ್ಲಿ ಮಾವನಿಗೆ ಜ್ವರ ಬಂದಿತ್ತು. ಹೋಗುವಾಗ ಅದು ವಾಸನೆ, ರುಚಿ ಎರಡನ್ನೂ ಜೊತೆಗೆ ಕರೆದುಕೊಂಡು ಹೋಯಿತು. ನಲವತ್ತು ವರ್ಷ ಬಿಯರ್ ಕಾಯಿಸಿದ ಮನುಷ್ಯನಿಗೆ ಈಗ ಹೆರಿಂಗ್ ಮೀನೂ ಒಂದೇ, ಸ್ಟ್ರಾಬೆರಿ ಜಾಮೂ ಒಂದೇ. ಗುನ್ವೋರ್ ಅತ್ತೆಯ ಮೂಗು ಚುರುಕಾಗಿದೆ, ಆದರೆ ಅವರು ಪ್ರಾರ್ಥನಾ ಮಂದಿರದವರು. ಮದ್ಯ ಇರುವ ಪಾತ್ರೆಯ ಹತ್ತಿರವೂ ಸುಳಿಯುವುದಿಲ್ಲ. "ನನಗೆ ಎಲ್ಲಾ ಬಿಯರೂ ಪಾಪದ ವಾಸನೆಯೇ" ಅಂದುಬಿಟ್ಟರು.

"ನಿನ್ನ ಮೂಗು ಹೇಗಿದೆ?" ಅಂತ ಮಾವ ಕೇಳಿದರು.

"ಮುಖದ ನಡುವೆ ಇದೆ ಮಾವ."

"ಸಾಕು. ಇವತ್ತಿಂದ ಅದು ನಂದು."

ಆಮೇಲೆ ಅಟ್ಟಕ್ಕೆ ಕರೆದುಕೊಂಡು ಹೋಗಿ ಹಾರ ತೋರಿಸಿದರು. ಕೊಂಡಿ ಕೊಂಡಿ ಹೆಣೆದ ಮರದ ಹಾರ. ಸಂದುಸಂದಿನಲ್ಲಿ ಒಣಮಣ್ಣಿನಂಥದ್ದು ಮೆತ್ತಿಕೊಂಡಿದೆ. ಅದೇ ಈ ಮನೆಯ ಯೀಸ್ಟ್. ಬಿಯರ್ ಮಾಡಿದಾಗಲೆಲ್ಲ ಹಾರವನ್ನು ಹೊಸ ಯೀಸ್ಟಿನಲ್ಲಿ ಅದ್ದಿ ಒಣಗಿಸುತ್ತಾರೆ. ಮುಂದಿನ ಸಲ ಅದರಿಂದಲೇ ಚೂರು ಕೆರೆದು ಹಾಕುತ್ತಾರೆ. ಮಾವನ ಮುತ್ತಜ್ಜಿಯ ಕಾಲದಿಂದ ಹೀಗೇ. ಕೆಟ್ಟ ಯೀಸ್ಟಿನಲ್ಲಿ ಒಮ್ಮೆ ಅದ್ದಿದರೆ ಮುಗಿಯಿತು, ಮುಂದಿನದೆಲ್ಲ ಕೆಟ್ಟದ್ದೇ. ಇನ್ನೊಂದು ಹಾರ ಇಲ್ಲ. ಈ ಮನೆಯಿಂದ ಯೀಸ್ಟ್ ಒಯ್ದ ನೆರೆಯವರೆಲ್ಲ ತಮ್ಮ ಮನೆಯದರ ಜೊತೆ ಬೆರೆಸಿಬಿಟ್ಟಿದ್ದಾರೆ. ಅದಕ್ಕೇ ಮಾವನದೊಂದು ನಿಯಮ: ಬಿಯರನ್ನು ಮೊದಲು ನೆರೆಯವರು ಕುಡಿದು ಒಪ್ಪಬೇಕು, ಹಾರ ಅದ್ದುವುದು ಆಮೇಲೆ.

ಒಂದು ಸೀಸೆಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಬಾರದೇ ಎಂದೆ. ಅಜ್ಜಿಯನ್ನು ಫ್ರಿಜ್ಜಿನಲ್ಲಿಡು ಎಂದವಳನ್ನು ನೋಡುವ ಹಾಗೆ ನೋಡಿದರು.

ಅಧಿಕಾರ ಸ್ವೀಕರಿಸಿದ ಗೌರವಾರ್ಥ ಮಧ್ಯಾಹ್ನ ಒಂದು ಸಣ್ಣ ಪ್ರಯೋಗ ನಡೆಸಿದೆ. ಕಾಫಿ ಮೂಸಿ ಮುಖ ಕಿವುಚಿ, ಡೀಸೆಲ್ ವಾಸನೆ ಬರುತ್ತಿದೆ ಎಂದೆ. ಜಗಳವಾಡುತ್ತಾರೆ, ಬೈಯುತ್ತಾರೆ ಅಂದುಕೊಂಡಿದ್ದೆ. ಮಾವ ತೆಪ್ಪಗೆ ಎದ್ದು ಕೆಟಲನ್ನೂ ಹೊಸ ಕಾಫಿ ಡಬ್ಬಿಯನ್ನೂ ತಿಪ್ಪೆಗೆ ಸುರಿದು ಬಂದರು. ಅತ್ತೆಗೆ ಗೊತ್ತಾಗಿ ನನಗೆ ಎರಡು ದಿನ ಕಾಫಿ ಬಂದ್.

ಇದೆಂಥ ಕರ್ಮ. ತಮಾಷೆಗೆ ಒಬ್ಬ ಎದುರಾಳಿ ಬೇಕು. ಹೇಳಿದ್ದನ್ನೆಲ್ಲ ನಂಬುವವರ ಜೊತೆ ಮನುಷ್ಯರು ಬದುಕುವುದು ಹೇಗೆ?

ನವೆಂಬರ್ ೧೨, ಬುಧವಾರ

ಪಾತ್ರೆಗಳ ವಿರುದ್ಧ ದೂರು ಸಲ್ಲಿಸುತ್ತಿದ್ದೇನೆ.

೧. ದೊಡ್ಡ ಮರದ ತೊಟ್ಟಿ. ಎಂಟು ತಿಂಗಳು ಒಣಗಿ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು. ನೀರು ತುಂಬಿಸಿದರೆ ಮರ ಊದಿಕೊಂಡು ಸೋರುವುದು ನಿಲ್ಲುತ್ತದಂತೆ. ಮೂರು ದಿನದಿಂದ ತುಂಬಿಸುತ್ತಿದ್ದೇನೆ. ತೊಟ್ಟಿ ಬಿಟ್ಟು ನೆಲ, ಮೆಟ್ಟಿಲು, ನನ್ನ ಬೂಟು ಎಲ್ಲವೂ ಊದಿಕೊಂಡಿವೆ.

೨. ಸೋಪು ನಿಷಿದ್ಧ. ಜೂನಿಪರ್ ರೆಂಬೆ ಕುದಿಸಿದ ನೀರಿನಲ್ಲಿ, ಜೂನಿಪರ್ ರೆಂಬೆಯಿಂದಲೇ ಉಜ್ಜಬೇಕು. ಆ ಗಿಡಕ್ಕೆ ಎಲೆ ಕೊಡುವಾಗ ದೇವರಿಗೆ ಏನು ಸಿಟ್ಟಿತ್ತೋ, ಎಲೆ ಇರುವ ಜಾಗದಲ್ಲೆಲ್ಲ ಸೂಜಿ.

೩. ಮರದ ನಲ್ಲಿ ಬಿಗಿಮಾಡಿದರೆ ಸೀಳುತ್ತದೆ, ಸಡಿಲ ಬಿಟ್ಟರೆ ಅಳುತ್ತದೆ.

ಪ್ಲಾಸ್ಟಿಕ್ ಡ್ರಮ್ಮು ಎಂಬ ವಸ್ತುವನ್ನು ಮನುಷ್ಯಕುಲ ಕಂಡುಹಿಡಿದಿದೆ ಎಂದು ಮಾವನಿಗೆ ತಿಳಿಸಿದೆ. "ಅದ್ರಲ್ಲಿ ನೀನೇ ಕೂತ್ಕೋ" ಅಂದರು.

ಪಕ್ಕದ ಮನೆಯ ಮಾಂಡಿಯಸ್ಸನ ಬೂಟಿಗೆ ಕುರಿ ಹಿಕ್ಕೆ ತುಂಬಿಸುವ ಯೋಜನೆ ಇತ್ತು. ಕೈ ನೋಯುತ್ತಿದೆ, ಮುಂದೂಡಲಾಗಿದೆ.

ನವೆಂಬರ್ ೧೮, ಮಂಗಳವಾರ

ಬೆಳಗ್ಗೆ ಐದಕ್ಕೆ ಒಲೆ ಹೊತ್ತಿಸಿದೆವು. ಜೂನಿಪರ್ ನೀರು ಕಾಯಿಸಿ, ಅದರಲ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ನೆನೆಸಿ, ಸಿಹಿ ರಸ ಬಸಿದು, ಅದನ್ನು ತಾಮ್ರದ ಹಂಡೆಯಲ್ಲಿ ನಾಲ್ಕು ಗಂಟೆ ಕುದಿಸಬೇಕು. ತಿರುವುವ ಕೋಲು ನನ್ನ ಕೈಯಲ್ಲಿ. ಇವೆರಡು ತೋಳುಗಳನ್ನು ನನ್ನ ಮರಣಾನಂತರ ವಸ್ತುಸಂಗ್ರಹಾಲಯಕ್ಕೆ ಕೊಡತಕ್ಕದ್ದು.

ಆಮೇಲೆ ಆರಿಸುವ ಕೆಲಸ. ರಸವನ್ನು ತೊಟ್ಟಿಗೆ ಇಳಿಸಿ, ತೊರೆಯ ನೀರು ಹರಿಯುವ ತಾಮ್ರದ ಸುರುಳಿ ಕೊಳವೆಯನ್ನು ಮುಳುಗಿಸಿಟ್ಟೆವು. ಮಾವ ಮೊಣಕೈ ಅದ್ದಿ, ಆಗತಾನೇ ಕರೆದ ಹಾಲಿನಷ್ಟು ಬೆಚ್ಚಗಿದೆ, ನೀರು ನಿಲ್ಲಿಸು, ಯೀಸ್ಟ್ ತರುತ್ತೇನೆ ಎಂದು ಒಳಗೆ ಹೋದರು. ಥರ್ಮಾಮೀಟರ್ ನೋಡಿದರೆ ಮೂವತ್ತೊಂಬತ್ತು.

ಮೂವತ್ತೊಂಬತ್ತು. ಕಳೆದ ವರ್ಷ ಬೆರ್ಗೆನ್ನಿನಲ್ಲಿ ಗೆಳತಿಯ ಜೊತೆ ಅಂಗಡಿ ಪೊಟ್ಟಣದಿಂದ ಬಿಯರ್ ಮಾಡಿದವಳು ನಾನು. ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿತ್ತು: ಇಪ್ಪತ್ತು ಡಿಗ್ರಿ, ಮೀರಿದರೆ ಯೀಸ್ಟ್ ಹಾಳು. ಒಳಗೆ ಫೋನು ಬಡಿದುಕೊಂಡಿತು. ಮಾಂಡಿಯಸ್. ಅವನು ಫೋನು ಹಿಡಿದರೆ ಅರ್ಧ ಗಂಟೆ ಗ್ಯಾರಂಟಿ. ನಾನು ನೀರು ನಿಲ್ಲಿಸಲಿಲ್ಲ. ಮಾವ ಬರುವಷ್ಟರಲ್ಲಿ ಇಪ್ಪತ್ತಕ್ಕೆ ಇಳಿಸಿ ಕೊಳವೆ ಎತ್ತಿಟ್ಟು, ಸಾಧ್ವಿಯ ಮುಖ ಮಾಡಿಕೊಂಡು ನಿಂತಿದ್ದೆ. ಅವರು ಇನ್ನೊಮ್ಮೆ ಮೊಣಕೈ ಇಡಲಿಲ್ಲ.

ಯೀಸ್ಟ್ ಸುರಿಯುವಾಗ ಕಿರುಚಬೇಕಂತೆ. ಎಷ್ಟು ಜೋರಾಗಿ ಕಿರುಚಿದರೆ ಬಿಯರ್ ಅಷ್ಟು ಖಡಕ್ಕು. ಅರವತ್ತೇಳು ವರ್ಷದ ಮಾವ ತಲೆ ಹಿಂದಕ್ಕೆ ಚೆಲ್ಲಿ ಕಿರುಚಿದ ಕಿರುಚಾಟಕ್ಕೆ ನಾಯಿ ಕೊಟ್ಟಿಗೆಗೆ ಓಡಿತು. ನಾನು ಸಭ್ಯಳಾಗಿ "ಮ್ಯಾಂವ್" ಎಂದೆ. ಮಾವ ನನ್ನ ಕಡೆ ನೋಡಿ ತೊಟ್ಟಿಗೆ ಕಂಬಳಿ ಹೊದಿಸಿದರು.

ನಾಲ್ಕು ತಲೆಮಾರಿನ ಯೀಸ್ಟನ್ನು ಬೇಯಿಸಿ ಕೊಲ್ಲಲಿದ್ದರು. ಕಾಪಾಡಿದವಳು ನಾನು. ಇತಿಹಾಸ ಇದನ್ನು ದಾಖಲಿಸಲಿ.

ನವೆಂಬರ್ ೧೯, ಬುಧವಾರ

ಬೆಳಗ್ಗೆ ಆರು: ನೊರೆ ಇಲ್ಲ.

ಹತ್ತು: ಇಲ್ಲ.

ಮಧ್ಯಾಹ್ನ ಎರಡು: ಇಲ್ಲ. ಮಾಮೂಲಾಗಿ ನಾಲ್ಕೇ ಗಂಟೆಯಲ್ಲಿ ತೊಟ್ಟಿ ಚಟಪಟ ಅನ್ನುತ್ತದಂತೆ. ಮಾವ ಸ್ಟೂಲು ಹಾಕಿಕೊಂಡು ತೊಟ್ಟಿಗೆ ಕಿವಿಯಾನಿಸಿ ಕೂತಿದ್ದಾರೆ, ಡಾಕ್ಟರ ಥರ. "ಹೀಗೆ ಯಾವತ್ತೂ ಆಗಿರ್ಲಿಲ್ಲ ಕಣೇ. ಮೂಗಿನ ಜೊತೆ ಕೈಯೂ ಹೋಯ್ತೋ ಏನೋ" ಅಂದರು.

ಪೊಟ್ಟಣದ ಯೀಸ್ಟಿಗೂ ಹಾರದ ಯೀಸ್ಟಿಗೂ ಏನಾದರೂ ವ್ಯತ್ಯಾಸ ಇರಬಹುದೇ? ಸುಮ್ಮನೆ ಕೇಳಿದೆ, ಸಾಮಾನ್ಯ ಜ್ಞಾನಕ್ಕೆ ಎಂಬಂತೆ. ಪೊಟ್ಟಣದ್ದು ನೆರಳಲ್ಲಿ ಬೆಳೆದ ಪಟ್ಟಣದ ಕೂಸು, ನಮ್ಮದಕ್ಕೆ ಬಿಸಿ ಬೇಕು, ತಣ್ಣಗಾದರೆ ಮುದುರಿ ಮಲಗುತ್ತದೆ, ಅಷ್ಟರಲ್ಲಿ ಬೇರೆ ಕ್ರಿಮಿಗಳು ನುಗ್ಗಿ ಮನೆ ಮಾಡುತ್ತವೆ ಎಂದರು.

ಹಜಾರದಿಂದ ಹೀಟರು ಎಳೆದು ತಂದು ತೊಟ್ಟಿಯ ಪಕ್ಕ ಇಟ್ಟಿದ್ದೇನೆ. ಅತ್ತೆ ಶಾಲು ಹೊದ್ದು ಕೂತಿದ್ದಾರೆ.

ನವೆಂಬರ್ ೨೦, ಗುರುವಾರ

ನೊರೆ ಬಂತು. ಅದರ ಜೊತೆ ವಾಸನೆಯೂ.

ಈ ಮನೆಯ ಬಿಯರು ಕಿತ್ತಳೆಯ ವಾಸನೆಗೆ ಹೆಸರಾಗಿದ್ದು. ಕಂಬಳಿ ಸರಿಸಿ ಬಗ್ಗಿದೆ. ಒಡೆದ ಹಾಲು, ವಿನೆಗರ್, ಅದರ ಹಿಂದೆ ನೆಂದ ಮೇಕೆ. ಕಣ್ಣಲ್ಲಿ ನೀರು ಬಂತು.

ಮಾವ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು, ಆಸ್ಪತ್ರೆಯ ಬಾಗಿಲಲ್ಲಿ ನಿಂತ ಹಾಗೆ. ಏನ್ ವಾಸನೆ ಎಂದರು.

"ಕಿತ್ತಳೆ ಮಾವ."

"ರಸದ್ದೋ ಸಿಪ್ಪೆದೋ?"

"ಸಿಪ್ಪೆದು."

"ಅಮ್ಮನ ಕಾಲದಲ್ಲೂ ಸಿಪ್ಪೆದೇ" ಎಂದು ಗೋಡೆ ಕಡೆ ತಿರುಗಿ, ಅಲ್ಲಿರುವ ಗೂಟಗಳನ್ನು ಬಹಳ ಹೊತ್ತು ಎಣಿಸಿದರು. ಇರುವುದು ಮೂರೇ ಗೂಟ.

ಇದು ತಮಾಷೆ ಅಲ್ಲ ಎಂದು ಇಲ್ಲಿ ಸ್ಪಷ್ಟಪಡಿಸುತ್ತೇನೆ. ತಮಾಷೆಗೆ ನಾನು ಮೊದಲೇ ಯೋಚಿಸುತ್ತೇನೆ. ಇದು ಅವರ ಮುಖ ನೋಡಿ ಬಾಯಿಂದ ತಾನಾಗಿ ಬಿತ್ತು. ಈಗ ಒಳಗೆ ಒಬ್ಬೊಬ್ಬರಿಗೂ ಫೋನು ಮಾಡಿ ಶನಿವಾರಕ್ಕೆ ಕರೆಯುತ್ತಿದ್ದಾರೆ. "ಸಿಪ್ಪೆದಂತೆ" ಎಂಬ ಮಾತು ಮೂರು ಸಲ ಕೇಳಿಸಿತು.

ಚಿಂತೆ ಯಾಕೆ? ಬಿಯರನ್ನು ಪೀಪಾಯಿಗೆ ಇಳಿಸುವ ದಿನ ಇಡೀ ಕೇರಿ ಬರುತ್ತದೆ. ಕುಡಿಯುತ್ತಾರೆ, ಉಗಿಯುತ್ತಾರೆ. ಹನ್ನೊಂದು ಜನರ ಬಾಯಿಂದ ಸತ್ಯ ಬಂದ ಮೇಲೆ ನನ್ನ ಒಂದು ಮೂಗು ಯಾವ ಲೆಕ್ಕ.

ನವೆಂಬರ್ ೨೨, ಶನಿವಾರ

ಈ ಕಣಿವೆಯ ಸಭ್ಯತೆಗೆ ಬೆಂಕಿ ಬೀಳಲಿ.

ಬಂದರು, ಹನ್ನೊಂದು ಜನರೂ. ಮರದ ಬಟ್ಟಲು ಕೈಯಿಂದ ಕೈಗೆ ಹೋಯಿತು. ಮೊದಲು ಮಾಂಡಿಯಸ್. ಐವತ್ತು ವರ್ಷದಿಂದ ಬಿಯರ್ ಮಾಡುವ ಆಸಾಮಿ, ಕಣಿವೆಯಲ್ಲೇ ಖಾರ ನಾಲಿಗೆ. ಒಂದು ಗುಟುಕು ಕುಡಿದ. ಅವನ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. ನಾನು ಉಸಿರು ಹಿಡಿದೆ. ಅವನು ಮೀಸೆ ಒರೆಸಿಕೊಂಡು, ಬಟ್ಟಲನ್ನೇ ನೋಡುತ್ತ ಹೇಳಿದ:

"ಹೂಂ. ಬಿಯರೇ ಹೌದು."

ಅವನ ಹೆಂಡತಿ, ಕ್ರಿಸ್ಮಸ್ ಬಂದೇಬಿಟ್ಟಿತು ಅನ್ನಿಸುತ್ತದೆ ಎಂದಳು. ಇನ್ನೊಬ್ಬ, ಬೋಟೊಲ್ವನ ಕೈ ಬೋಟೊಲ್ವನ ಕೈಯೇ ಎಂದ. ಶಾಲೆಯ ಮೇಷ್ಟ್ರು ಕೆಮ್ಮಿ ಕೆಮ್ಮಿ ಕೆಂಪಾಗಿ, ವ್ಯಕ್ತಿತ್ವ ಇರುವ ಬಿಯರು ಎಂದರು. ನಾನು ಬೇಕೆಂದೇ ಬಟ್ಟಲು ತುಂಬಿಸಿಕೊಂಡು ಮತ್ತೆ ಮತ್ತೆ ಮಾಂಡಿಯಸ್ಸನ ಮುಂದೆ ನಿಂತೆ. ಇನ್ನು ಬೇಡ ಮಗಳೇ, ಗಾಡಿ ಓಡಿಸಬೇಕು ಎಂದ. ಅವನ ಮನೆ ಇಲ್ಲಿಂದ ಇನ್ನೂರು ಹೆಜ್ಜೆ. ನಡೆದು ಬಂದಿದ್ದ, ನಡೆದೇ ಹೋದ.

ಬಿಯರು ಮೆಚ್ಚಿದವರು ಹೊರಡುವಾಗ ಒಂದಿಷ್ಟು ಯೀಸ್ಟ್ ಕೇಳಿ ಒಯ್ಯುವುದು ಇಲ್ಲಿನ ವಾಡಿಕೆ. ಅದಕ್ಕೇ ಮಾಂಡಿಯಸ್ಸನ ಕೋಟಿನ ಜೇಬಿನಲ್ಲಿ ಒಂದು ಖಾಲಿ ಜಾಡಿ ಉಬ್ಬಿಕೊಂಡಿತ್ತು. ಉಬ್ಬಿಕೊಂಡೇ ಮನೆಗೆ ಹೋಯಿತು. ಯಾರೂ ಕೇಳಲಿಲ್ಲ. ಮಾವನಿಗೆ ಅದರ ಗಮನವೇ ಇಲ್ಲ, ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕುತ್ತಿದ್ದರು.

ಇಡೀ ಕಣಿವೆಯಲ್ಲಿ ಸುಳ್ಳುಗಾತಿ ಅಂತ ಹೆಸರಿರುವವಳು ನಾನೊಬ್ಬಳು. ಇಂದು ಇವರೆಲ್ಲ ಸೇರಿ ಒಂದು ಸಂಜೆಯಲ್ಲಿ ನನ್ನ ಜೀವಮಾನದ ಸಾಧನೆಯನ್ನು ಮೀರಿಸಿದರು.

ಯೀಸ್ಟನ್ನು ಬೋಗುಣಿಯಲ್ಲಿ ತೆಗೆದಿಟ್ಟಿದ್ದಾರೆ. ನಾಳೆ ಹಾರ ಅದ್ದುವುದು.

ನವೆಂಬರ್ ೨೩, ಭಾನುವಾರ

ಅತ್ತೆ ಪ್ರಾರ್ಥನೆಗೆ ಹೋದ ಮೇಲೆ ಮಾವ ಅಟ್ಟದಿಂದ ಹಾರ ಇಳಿಸಿ ತಂದರು. ಬೋಗುಣಿ ಮೇಜಿನ ಮೇಲಿತ್ತು.

"ಅದ್ದಬೇಡಿ ಮಾವ."

ನಕ್ಕರು. ಡೀಸೆಲ್ ವಾಸನೆಯಾ ಎಂದರು. ಕಾಫಿಯದು ತಮಾಷೆ ಎಂದು ಅವರಿಗೆ ಗೊತ್ತಿತ್ತು, ಇಷ್ಟು ದಿನವೂ.

ಬಿಯರು ಹುಳಿಯಾಗಿದೆ ಎಂದೆ. ಕಿತ್ತಳೆ ಎಂದಿದ್ದು ಸುಳ್ಳು ಎಂದೆ. ಅವರು ನಗುತ್ತಲೇ ಇದ್ದರು. "ಹನ್ನೊಂದು ಜನ ಕುಡ್ದು ಚೆನ್ನಾಗಿದೆ ಅಂದ್ರು. ನೀನೊಬ್ಳು ಅಲ್ಲ ಅಂತೀಯ. ನಾನು ಯಾರನ್ನ ನಂಬ್ಲಿ, ಹೇಳು?"

ಚೀಸಿಗೆ ಶ್ರದ್ಧಾಂಜಲಿ ಅರ್ಪಿಸಿದ ಬಾಯಿ ಇದು. ಹಾರ ಬೋಗುಣಿಯ ಮೇಲೆ ಬಂದುಬಿಟ್ಟಿತ್ತು, ಒಂದು ಗೇಣು ಅಂತರ.

"ಅವರಲ್ಲಿ ಎಷ್ಟು ಜನ ಯೀಸ್ಟ್ ಕೇಳಿದ್ರು ಮಾವ?"

ಕೈ ನಿಂತಿತು. ಅವರು ಒಬ್ಬೊಬ್ಬರನ್ನೇ ನೆನಪು ಮಾಡಿಕೊಳ್ಳುತ್ತಿದ್ದುದು ತುಟಿಯಲ್ಲಿ ಕಾಣುತ್ತಿತ್ತು. ಹನ್ನೊಂದು ಹೆಸರು ಮುಗಿಯುವಷ್ಟು ಹೊತ್ತು. ಆಮೇಲೆ ಹಾರವನ್ನು ತಮ್ಮ ಸ್ವೆಟರಿಗೆ ಒತ್ತಿಕೊಂಡು ಕುರ್ಚಿಯಲ್ಲಿ ಕೂತರು.

ಉಳಿದದ್ದನ್ನೂ ಹೇಳಿದೆ. ಇಪ್ಪತ್ತು ಡಿಗ್ರಿ, ಪೊಟ್ಟಣ, ಫೋನು. ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಮೂಗು ಹೋಗಿದ್ದು ಮಾರ್ಚಲ್ಲಿ. ಗುರುವಾರ ವಾಪಸ್ ಬಂತು ಅಂದ್ಕೊಂಡಿದ್ದೆ" ಅಂದರು. ಅಷ್ಟೇ.

ನೂರೈವತ್ತು ಲೀಟರನ್ನು ಇಬ್ಬರೂ ಬಕೆಟ್ಟಿನಲ್ಲಿ ಹೊತ್ತು ಚರಂಡಿಗೆ ಸುರಿದೆವು. ಬೋಗುಣಿಯದನ್ನೂ. ಅತ್ತೆ ಬಂದು ನೋಡಿ, ಶುಕ್ರವಾರದಿಂದಲೇ ನಾರುತ್ತಿತ್ತು, ನನ್ನನ್ನು ಯಾರೂ ಕೇಳಲಿಲ್ಲ ಎಂದರು.

ನವೆಂಬರ್ ೨೭, ಗುರುವಾರ

ಮೂಗಿಗೆ ನಿರುದ್ಯೋಗ. ನಾಲ್ಕು ದಿನದಿಂದ ಮಾವ ಏನನ್ನೂ ಮೂಸು ಎಂದಿಲ್ಲ. ಊಟದ ಹೊತ್ತು ನಾನಾಗಿಯೇ ಮೀನು ತಾಜಾ ಇದೆ ಮಾವ, ಬೆಣ್ಣೆಗೆ ಸ್ವಲ್ಪ ಮುಗ್ಗಲು ಬಂದಿದೆ ಎಂದು ಪ್ರಕಟಣೆ ಹೊರಡಿಸುತ್ತೇನೆ. ಅವರು ಹೂಂ ಎಂದು ಎರಡನ್ನೂ ತಿನ್ನುತ್ತಾರೆ.

ಇನ್ನೊಂದು ಸಲ ಕಾಯಿಸೋಣ, ಹಾರದಲ್ಲಿ ಹಳೆಯದು ಇದೆಯಲ್ಲ ಎಂದೆ. ಇದೆ, ಒಂದೇ ಸಲಕ್ಕಾಗುವಷ್ಟು ಎಂದರು. ಆಗಲಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಅಮ್ಮ ಫೋನು ಮಾಡಿದ್ದಳು. ಅಂಗಡಿಯವರು ಕ್ರಿಸ್ಮಸ್ ಗಡಿಬಿಡಿಗೆ ನನ್ನನ್ನು ಮತ್ತೆ ಕರೆಯುತ್ತಿದ್ದಾರಂತೆ, ಮೈಕಿನಿಂದ ಹತ್ತು ಮೀಟರ್ ದೂರ ಇರುವ ಷರತ್ತಿನ ಮೇಲೆ. ಆಗುವುದಿಲ್ಲ ಎಂದೆ. ತೊಟ್ಟಿ ಅರ್ಧ ಉಜ್ಜಿಟ್ಟು ಹೋಗುವುದು ಹೇಗೆ? ಹುಳಿ ಮರಕ್ಕೆ ಇಳಿದಿದೆ. ಜೂನಿಪರ್ ನೀರು ಕುದಿಸಿ ಕುದಿಸಿ ನಾಲ್ಕು ಸಲ ಸುರಿದೆ. ಆಮೇಲೆ ತೊಟ್ಟಿಯೊಳಗೆ ಇಳಿದು ಮೂವತ್ತೆರಡು ಹಲಗೆಯನ್ನೂ ಒಂದೊಂದಾಗಿ ಮೂಸಿದೆ. ಏಳನೆಯದು ಮತ್ತು ಹತ್ತೊಂಬತ್ತನೆಯದು ಇನ್ನೂ ಹುಳಿ. ಸೀಮೆಸುಣ್ಣದಲ್ಲಿ ಗುರುತು ಹಾಕಿ ಮತ್ತೆ ಉಜ್ಜಿದೆ. ಈ ದರಿದ್ರ ಹತ್ತೊಂಬತ್ತನೆಯ ಹಲಗೆಯನ್ನು ನಾನು ಸಾಯುವವರೆಗೂ ಮರೆಯಲಾರೆ.

ತಲೆ ಎತ್ತಿದರೆ ಮಾವ ತೊಟ್ಟಿಯ ಅಂಚಿಗೆ ಮೊಣಕೈ ಊರಿ ನೋಡುತ್ತಿದ್ದರು. ಎಷ್ಟು ಹೊತ್ತಿನಿಂದಲೋ. "ಮಂಗಳವಾರ ಒಲೆ ಹಚ್ಚೋಣ" ಎಂದು ಹೊರಟುಹೋದರು.

ಡಿಸೆಂಬರ್ ೨, ಮಂಗಳವಾರ

ಮಾತಾಡಲು ಆಗದ ಕಾರಣ ಬರೆಯುತ್ತಿದ್ದೇನೆ.

ಹಂಡೆಯ ತಳ ಸ್ವಲ್ಪ ಸೀಯಿತು, ನನ್ನದೇ ತಪ್ಪು, ಕೋಲು ಬಿಟ್ಟು ಸೌದೆ ತರಲು ಹೋಗಿದ್ದೆ. ಆರಿಸುವಾಗ ಮತ್ತೆ ಮಾಂಡಿಯಸ್ಸನ ಫೋನು. ಮಾವ ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದರು. ಥರ್ಮಾಮೀಟರ್ ಜೇಬಿನಲ್ಲಿಟ್ಟು ತೋಳು ಮಡಚಿ ಮೊಣಕೈ ಅದ್ದಿದೆ. ಹಾಲಿನ ಬಿಸಿ ಬಂದ ಕ್ಷಣ ನೀರು ನಿಲ್ಲಿಸಿದೆ. ಫೋನಿನ ತಂತಿ ಹಿಡಿದು ಎಳೆದು ಮಾವನನ್ನು ಕರೆದುಕೊಂಡು ಬಂದೆ.

ಹಾರದಿಂದ ಕೆರೆದಿದ್ದು ಒಂದು ಲೋಟದಷ್ಟು. ಸುರಿದರು. ಅದು ಮುಳುಗಿ ಕಾಣೆಯಾಯಿತು. ಆಮೇಲೆ ಏನಾಯಿತೋ, ಮಾವನಿಗಿಂತ ಮೊದಲು ನಾನೇ ಶುರುಮಾಡಿದ್ದೆ. ಗಂಟಲು ಹರಿದಿದೆ. ಯಾರಿಗಾದರೂ ಪೆಟ್ಟಾಯಿತೇ ಎಂದು ಮಾಂಡಿಯಸ್ ಮತ್ತೆ ಫೋನು ಮಾಡಿದನಂತೆ.

ಡಿಸೆಂಬರ್ ೪, ಗುರುವಾರ

ಮೊನ್ನೆ ಮೂರೇ ಗಂಟೆಯಲ್ಲಿ ತೊಟ್ಟಿ ಚಟಪಟ ಎಂದಿತ್ತು. ನಿನ್ನೆ ಇಡೀ ದಿನ ಉಕ್ಕಿತು. ಇಂದು ಬೆಳಗ್ಗೆ ಮಾವ ಹಾರ ಹಿಡಿದು ತೊಟ್ಟಿಯ ಪಕ್ಕಕ್ಕೆ ಬಂದು ನಿಂತರು. ನೆರೆಯವರು ಬರುವುದು ಶನಿವಾರ ಅಲ್ಲವೇ ಎಂದೆ.

"ಅವರು ಕುಡಿಯೋಕೆ ಬರ್ಲಿ" ಎಂದರು. "ಮೂಸು."

ಬಗ್ಗಿದೆ. ಎದ್ದೆ. ಮತ್ತೆ ಬಗ್ಗಿದೆ. ಹೊರಗೆ ಹೋಗಿ ಹಿಮದ ಗಾಳಿ ಎಳೆದುಕೊಂಡು ಬಂದು ಮೂರನೆಯ ಸಲ ಮೂಸಿದೆ. ಅನುಮಾನ ಬಂತು, ನಾಲ್ಕನೆಯ ಸಲ ಮೂಸಿದೆ. ಇದೆಂಥ ಹುದ್ದೆ, ಸಂಬಳವಿಲ್ಲ, ರಜೆಯಿಲ್ಲ, ಮೇಲ್ಮನವಿಗೆ ಅವಕಾಶವಿಲ್ಲ. ಮಾವ ಹಾರ ಎತ್ತಿ ಹಿಡಿದೇ ಇದ್ದರು.

"ಕಿತ್ತಳೆ" ಅಂದೆ, ದನಿ ಇನ್ನೂ ಕಪ್ಪೆಯದೇ. "ಸಿಪ್ಪೆದಲ್ಲ ಮಾವ, ರಸದ್ದು. ಅಡಿಯಲ್ಲಿ ಸೀದ ವಾಸನೆ ಇದೆ, ಅದು ನಾನು ಸೀಯಿಸಿದ್ದು. ಹುಳಿ ಇಲ್ಲ."

"ಸಿಪ್ಪೆದಲ್ವಾ?"

"ಅಲ್ಲ."

ಅವರ ಮುಖ ಒಂದು ಗಳಿಗೆ ಸಪ್ಪಗಾಯಿತು. ಸಿಪ್ಪೆ ಅಂದಿದ್ದರೆ ಏನು ಹೋಗುತ್ತಿತ್ತು ಎಂದು ನನಗೂ ಅನ್ನಿಸಿತು. ಆಮೇಲೆ ಅವರು ತಲೆಯಾಡಿಸಿ, ಸೀದದ್ದು ಯೀಸ್ಟಿಗೆ ಅಂಟುವುದಿಲ್ಲ ಎಂದು ಗೊಣಗಿ, ಹಾರವನ್ನು ನೊರೆಯೊಳಗೆ ಮೊಣಕೈವರೆಗೂ ಇಳಿಸಿಬಿಟ್ಟರು.

ಒದ್ದೆ ಹಾರವನ್ನು ಅಟ್ಟಕ್ಕೆ ಒಯ್ದು ನೇತುಹಾಕುವ ಕೆಲಸ ನನ್ನ ಪಾಲಿಗೇ ಬಿತ್ತು. ಏಣಿ ಹತ್ತುವಾಗ ತಲೆಗೆಲ್ಲ ತೊಟ್ಟಿಕ್ಕಿತು, ಕೂದಲು ಅಂಟು ಅಂಟು. ನೇತುಹಾಕಿ, ಅದರ ಕೆಳಗೆ ನಿಂತು ಇನ್ನೊಮ್ಮೆ ಮೂಸಿದೆ. ಯಾರೂ ಕೇಳಿರಲಿಲ್ಲ.